ನಡುಕದ ಮೊತ್ತ

ಇಳಕಲ್ಲಿನ ಈ ಓಣಿಯಲ್ಲಿ ಕರೆಂಟು ಹೋದರೆ
ಪವರ್‌ಲೂಮುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ.
ಆಗಷ್ಟೇ ಕೇಳುತ್ತದೆ, ನನ್ನ ಬಾಡಿಗೆ ಕೋಣೆಯ ಕೆಳಗೆ
ರಾಚವ್ವ ದಿವಟರ ಕುಣಿಮಗ್ಗ:
ಟಕ್. ತುಸು ತಡೆದು, ಟಕ್.

ಹಾಳೆಯ ಮೇಲೆ ನನ್ನ ಹದಿನಾರು ಕಣಗಳು.
ಎರಡೇ ಇದ್ದಿದ್ದರೆ ಹೇಗೋ ಆಗುತ್ತಿತ್ತು:
ಇದನ್ನು ಯಾವ ದಿಕ್ಕಿನಿಂದ ಕೇಳಿದರೂ
ಅದು ಅದೇ ದಿಕ್ಕಿನಿಂದ ಎದುರುತ್ತರ ಕೊಡುತ್ತದೆ.
ಹದಿನಾರರ ಸಂಬಂಧ ಪೂರ್ತಿ ಬರೆಯಹೋದರೆ
ನಾನೂರ ಇಪ್ಪತ್ತೊಂಬತ್ತು ಕೋಟಿ ಅಂಕಿ.
ಅಷ್ಟು ಸಲ ಕಟ್ಟಿ, ಅಷ್ಟು ಸಲ ಕೇಳಿ,
ಕೇಳಿದಾಗೊಮ್ಮೆ ಕೇಳಿದ್ದೇ ಹರಿದು,
ಮತ್ತೆ ಮೊದಲಿನಿಂದ.
ಪಿಂಚಣಿ ಬಂದರೂ ಮುಗಿಯದ ಕೆಲಸ.

ಬಿಂದಿಗೆ ಹಿಡಿದು ನೀರಿಗೆಂದು ಇಳಿದೆ.

ಕೆಳಗೆ ಇಬ್ಬರು ಎದುರುಬದುರು.
ಮೈಯ ಹತ್ತಿ ಎಳೆ ರಾಚವ್ವನ ಕೈಯಲ್ಲಿ,
ಸೆರಗಿನ ರೇಷ್ಮೆ ಎಳೆ ನೆಗೆಣ್ಣಿ ಸಾಂತವ್ವನ ಕೈಯಲ್ಲಿ.
ಕುಣಿಕೆಯೊಳಗೆ ಕುಣಿಕೆ ತೂರಿಸಿ ಕೊಂಡಿ,
ಮತ್ತೊಂದು, ಮಗದೊಂದು, ಸಾವಿರಗಟ್ಟಲೆ.
ಅವರಿಬ್ಬರು ಮಾತು ಬಿಟ್ಟು ಹನ್ನೊಂದು ವರ್ಷ.
ತಾಮ್ರದ ಹಂಡೆಯೊಂದರ ಪಾಲಿನ ಸಲುವಾಗಿ
ಎನ್ನುತ್ತದೆ ಓಣಿ. ಹಂಡೆ ಈಗ ಎಲ್ಲಿದೆಯೋ.

ದಲಾಲಿ ತುಕಾರಾಮಸಾ ಹಳೇ ಸೀರೆ ಎರಡು ತಂದಿದ್ದ.
"ಕೊಂಡಿದ್ದಾವೋ, ಹೊಲದದ್ದಾವೋ ಹೇಳಬೇ."
ರಾಚವ್ವ ಎಳೆ ಎಣಿಸಲಿಲ್ಲ, ಕನ್ನಡಕ ಹುಡುಕಲಿಲ್ಲ.
ಒಂದು ತುದಿ ತನ್ನ ಮೊಣಕಾಲಡಿ ಒತ್ತಿ
ಇನ್ನೊಂದನ್ನು ಬಿಗಿಯಾಗಿ ಎಳೆದು, ನಡುವೆ
ಬೆರಳಿಂದ ಒಮ್ಮೆ ಮೀಟಿದಳು.
"ಕೊಂಡಿ ಐತಿ. ತಮ್ಮತಮ್ಮಷ್ಟಕ್ಕ ಇದ್ದಿದ್ರ
ಎಲ್ಲಾವೂ ನಡಗತಿದ್ವು. ಇಲ್ಲಿ
ಒಂದರ ನಡುಕ ಇನ್ನೊಂದು ನುಂಗೇತಿ."

ನಾನು ಮೆಟ್ಟಿಲ ಮೇಲೇ ಕೂತೆ.
ಮೂರು ತಿಂಗಳಿಂದ ತಿದ್ದುತ್ತಿರುವ ನನ್ನ ಸಾಲು ಅದೇ:
ಒಂಟಿ ಕಣಗಳ ನಡುಕ ಎಷ್ಟೇ ಕೂಡಿಸಿದರೂ
ಈ ಗೆರೆಯ ಕೆಳಗೆ ಇಳಿಯಲಾರದು.
ಇಳಿಯಿತೋ, ಯಾರೋ ಯಾರದೋ ನಡುಕವನ್ನು
ಹಿಡಿದುಕೊಂಡಿದ್ದಾರೆ.
ಯಾರು ಯಾರದನ್ನು ಎಂದು ಸಾಕ್ಷಿ ಹೇಳುವುದಿಲ್ಲ.
ಅದಕ್ಕೆ ಗೊತ್ತಿರುವುದು ಮೊತ್ತ ಒಂದೇ.

ಎರಡನೇ ಸೀರೆ. ಮೀಟಿದಳು, ತಲೆ ಅಲ್ಲಾಡಿಸಿದಳು.
"ಹೊಲದದ್ದು ಹಂಗಾರ?" ಅವನು ಗಂಟು ಕಟ್ಟತೊಡಗಿದ.
"ನಾ ಹಂಗ ಅಂದೆನೇನು?
ನನ್ನ ಕೈಗೆ ಹತ್ತಲಿಲ್ಲ ಅಂದೆ.
ಗಂಜಿ ಭಾಳ ಕುಡದೈತಿ ಅರಿವಿ.
ತೊಳಕೊಂಡು ಬಾ, ನೋಡೂಣು."

ನಿನ್ನೆ ರಾತ್ರಿ ನನ್ನ ಅಂಕಿಯೂ ಗೆರೆಯ ಮೇಲೇ ಉಳಿದಿತ್ತು.
ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ: ನಂಟಿಲ್ಲ.
ಎಷ್ಟು ಬೇಗ ಬರೆದುಬಿಟ್ಟಿದ್ದೆ.
ಕಾವು, ಗದ್ದಲ, ಉಪಕರಣದ ಗಂಜಿ,
ಯಾವುದನ್ನೂ ತೊಳೆಯದೆ.

ಕರೆಂಟು ಬಂತು. ಓಣಿ ಮತ್ತೆ ಗಡಗಡ.
ಸಾಂತವ್ವ ತಲೆ ಎತ್ತದೆ ಎಡಗೈ ಚಾಚಿದಳು.
ಬೂದಿಯ ಬಟ್ಟಲು ಅಷ್ಟರೊಳಗೆ
ಅವಳತ್ತ ಸರಿದಿತ್ತು.
ರಾಚವ್ವನೂ ತಲೆ ಎತ್ತಿರಲಿಲ್ಲ.
ಯಾವುದು ಮೊದಲು, ಕೈಯೋ ಬಟ್ಟಲೋ,
ನಾನು ನೋಡುತ್ತಲೇ ಇದ್ದೆ, ಆದರೂ ಹೇಳಲಾರೆ.

"ಏನ್ರೀ ಟೀಚರ, ಹಂಗ್ಯಾಕ ಕುಂತ್ರಿ?"
ಏನಿಲ್ಲ ಎಂದೆ.
ನೀರು ಬಂದಿದೆಯಾ ಎಂದೆ.