ಸುರಂಗ ಬರುವವರೆಗೆ

ಮಿಯಾಕೊದಿಂದ ಹೊರಟ ಒಂದೇ ಬೋಗಿಯ ರೈಲು.
ಬೆಳಗಿನ ಜಾವ. ಒಳಗೆ ಒಂಬತ್ತು ಜನ.
ಕೆಮ್ಮಿದರೂ ಕ್ಷಮೆ ಕೇಳುವ ಮೌನ.
ಅಂಗೈಯಗಲದ ಪರದೆಯೊಳಗೆ ನನ್ನ ಹುಡುಗಿ
ಬಾವಿಯ ತಳದಲ್ಲಿ ನಿಂತು ಕಾಯುತ್ತಿದ್ದಾಳೆ:
“ದೀಪ ಆರಿಸಲು ಮೈಕಿಗೆ ಊದಿ.”

ಊದುವುದೆಂದರೆ ಊದಲೇಬೇಕು. ಅದಕ್ಕೊಂದು
ಗುಂಡಿ ಇಟ್ಟಿಲ್ಲ.
ನಲವತ್ತೇಳರ ಹೆಂಗಸು ನಾನು, ಚಿಗುಸಾ,
ಮೀನು ಕಾರ್ಖಾನೆಯ ರಬ್ಬರ್ ಬೂಟಿನಲ್ಲಿ ಕೂತು
ಆಟಿಕೆಯ ಮೂತಿಗೆ ಉಫ್ ಎನ್ನಲೆ?
ಇದನ್ನು ಹೊಸೆದ ಮಹಾನುಭಾವ
ಜನ್ಮದಲ್ಲಿ ರೈಲು ಹತ್ತಿದವನಲ್ಲ.

ಮೊದಲ ಭಾಗದಲ್ಲಿ ಸಮುದ್ರ ಇತ್ತು.
ಹಾಯಿ ಬಿಚ್ಚಿದರೆ ಸಾಕು, ಎಲ್ಲಿಗೆ ಎಂದು
ಯಾರೂ ಕೇಳುತ್ತಿರಲಿಲ್ಲ.
ದಾರಿ ತಪ್ಪಿಯೇ ನಾನು ಅರ್ಧ ದ್ವೀಪಗಳನ್ನು ಕಂಡದ್ದು.
ಈ ಭಾಗದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ತಂತಿ,
ತಂತಿಗೆ ತೂಗುಬಿದ್ದ ಬುಟ್ಟಿ.
ಹೋಗು ಎಂದಲ್ಲಿಗೆ ಹೋಗಬೇಕು, ಇಳಿ ಎಂದಲ್ಲಿ ಇಳಿಯಬೇಕು.
ಕಿಟಕಿಯಾಚೆಗೂ ಈಗ ಹಾಗೆಯೇ:
ಹೊಸ ಕಾಂಕ್ರೀಟು ಗೋಡೆ ಓಡುತ್ತದೆ ಉದ್ದಕ್ಕೂ,
ಅದರ ಹಿಂದೆ ಎಲ್ಲೋ ಅಲೆ.
ಗೋಡೆ ಬೇಡವೆಂದು ಹೇಳುವಷ್ಟು ಮರೆವು
ಇಲ್ಲಿ ಯಾರಿಗೂ ಬಂದಿಲ್ಲ.

ಆದರೂ ಬಿಟ್ಟಿಲ್ಲ ನಾನು, ಯಾಕೆಂದರೆ
ಮೇಕೆ ಇದೆ.
ಒಂದು ಕಿವಿ ಹರಿದ ಬಿಳಿ ಮೇಕೆ. ಕೊರಳಲ್ಲಿ ಲಾಟೀನು.
ನಾವು ಕಷ್ಟಪಟ್ಟು ಕೂಡಿಸಿದ ನಕ್ಷೆಯನ್ನು
ಒಂದೊಂದೇ ಚೂರು ಮೇಯುತ್ತದೆ.
ಬೈದರೆ ತಲೆ ತಗ್ಗಿಸಿ, ನೋಡಿದರೆ ಮತ್ತೆ ಮೇಯುತ್ತದೆ.
ಆಮೇಲೆ ನೆನಪಿನ ಮೇಲೆಯೇ ನಡೆಯಬೇಕು.
ಎಷ್ಟು ಚೆಂದದ ಯೋಚನೆ! ಹೊಸೆದವನು ಅದೇ ಮನುಷ್ಯನೇ?

ಗಡಿಗೆ ಅಂಗಡಿಯ ಮುದುಕಿಯೂ ಇದ್ದಾಳೆ, ಹಳಬಳು.
ಬಾಗಿಲು ತೆರೆದವಳೇ, “ಬಂದೆಯಾ?
ಆವತ್ತು ಒಡೆದ ಹೂಜಿಯ ದುಡ್ಡು ಬಾಕಿ ಇದೆ,” ಎಂದಳು.
ಆರು ವರ್ಷ! ನಾನು ಮರೆತಿದ್ದೆ,
ಬೆರಳುಗುರಿನಷ್ಟು ಚಿಪ್ಪು ಮರೆತಿರಲಿಲ್ಲ.
ರೈಲಿನಲ್ಲಿ ಒಬ್ಬಳೇ ನಕ್ಕೆ. ಕ್ಷಮೆ ಕೇಳಿದೆ.

ಆದರೆ ಬಾವಿ! ಪ್ರತಿ ಬೆಟ್ಟ ಗೆದ್ದ ಮೇಲೂ ಅದೇ ಬಾವಿ,
ಅದೇ ಪಾಚಿ, ಅದೇ ಮೆಟ್ಟಿಲು.
ಹೋದ ಪುಟ್ಟ, ಬಂದ ಪುಟ್ಟ.
ತಳದಲ್ಲೊಬ್ಬ ಜ್ಞಾನಿ, ಹಾಡಿದ್ದೇ ಹಾಡೋ ಕಿಸಬಾಯಿದಾಸ,
ಅವನ ಮಾತು ಮುಗಿಯದೆ ಆಟ ಉಳಿಸಿಕೊಳ್ಳುವಂತಿಲ್ಲ.
ಎರಡು ಸಲ ಬ್ಯಾಟರಿ ಸತ್ತದ್ದು
ಅವನ “ಮಗಳೇ, ಕೇಳು” ಎಂಬಲ್ಲಿಯೇ.

ತಾರೋ ದಾಟಿತು. ಕಿವಿ ಗವ್ವೆಂದಿತು.
ಸುರಂಗ.
ಗಾಲಿಗಳ ಸದ್ದು ಬೋಗಿ ತುಂಬಿದ ಕೂಡಲೇ
ಬಗ್ಗಿ, ಕಾರ್ಖಾನೆಯ ಉಗಿಯಂತೆ ಊದಿದೆ.
ದೀಪ ಓಲಾಡಿತು. ಆರಲಿಲ್ಲ.
ಮತ್ತೆ ಉಸಿರೆಳೆಯಲು ತಲೆ ಎತ್ತಿದರೆ
ಎದುರು ಸೀಟಿನ ಶಾಲೆ ಹುಡುಗ,
ಚೀಲದ ಮೇಲೆ ಓಗಿವಾರಾ ಎಂಬ ಚೀಟಿ,
ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ,
ತನ್ನ ಅಂಗೈಗೆ ಊದುತ್ತಿದ್ದಾನೆ.

ಬೆಳಕಿಗೆ ಬಂದಾಗ ಇಬ್ಬರ ಮುಖವೂ ಕೆಂಪು.
ಅವನು ನಾಚುತ್ತ ನಾಲ್ಕು ಬೆರಳು ತೋರಿಸಿದ:
ಬಾವಿಗೆ ನಾಲ್ಕನೆಯ ಸಲ.
ನಾನು ಕೈಗವಸು ತೆಗೆದು ಆರು ತೋರಿಸಿದೆ.
ಹುಡುಗ ಎದ್ದು ನಿಂತು
ಸೊಂಟ ಬಗ್ಗಿಸಿ ವಂದಿಸಿದ.