ವಿಳಾಸ ಸಿಗದವು

ವಾಲ್ಪರೈಸೊದ ಗುಡ್ಡಗಳಲ್ಲಿ ಬೀದಿ ಕಡಿಮೆ, ಮೆಟ್ಟಿಲೇ ಹೆಚ್ಚು.
"ನೀಲಿ ಗೋಡೆ ದಾಟಿದ ಮೇಲೆ, ಕುಂಟುನಾಯಿ ಮಲಗುತ್ತಲ್ಲ,
ಅಲ್ಲಿ ಪರ್ಸು ಕಿತ್ತರು" ಎಂದು ದೂರು ಬರೆಸುತ್ತಾರೆ.
ನಕ್ಷೆಗೆ ನಾಯಿ ತಿಳಿಯದು.
ಎಲ್ಲೂ ನಿಲ್ಲದ ಇಂಥವನ್ನೆಲ್ಲ
ಗುಡ್ಡದ ನಟ್ಟನಡುವೆ ತಂದು ಸುರಿಯುತ್ತಿತ್ತು ಯಂತ್ರ.
ನನಗದು ಗೊತ್ತಿರಲಿಲ್ಲ.
ಗೊತ್ತಿರಬೇಕಿತ್ತು.

ನಟ್ಟನಡುವೆ ಎಂದರೆ ಎದೆಲ್ಮೀರಾಳ ಮನೆ:
ಹೊಲಿಗೆ ಮಿಷನ್ನು, ಎರಡು ಕ್ಯಾನರಿ ಹಕ್ಕಿ, ಮೊಮ್ಮಗ ನಿಬಾಲ್ದೊ.
ನನ್ನ ಪರದೆಯಲ್ಲಿ ಆ ತಗಡಿನ ಸೂರಿನ ಮೇಲೆ
ಕೆಂಪು, ದಿನದಿನಕ್ಕೆ ಬಾವಿನಂತೆ ಊದಿತು.
ಗಸ್ತು ಹೋಯಿತು. ಮೂಲೆಗೊಂದು ದೀಪ ನೆಟ್ಟರು.
ನಿಬಾಲ್ದೊನನ್ನು ಹನ್ನೊಂದು ಸಲ ತಡೆದು ಜೇಬು ತಡಕಿದರು,
ಹನ್ನೊಂದು ಸಲವೂ ಕೈಗೆ ಹತ್ತಿದ್ದು
ಬೇಕರಿಯ ಹಿಟ್ಟು.

ತಪ್ಪು ಸಿಕ್ಕ ಸಂಜೆ ನಾನೇ ಮೆಟ್ಟಿಲು ಹತ್ತಿದೆ,
ಇನ್ನೂರರ ಹತ್ತಿರ ಲೆಕ್ಕ ತಪ್ಪಿತು.
ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.
"ಅಂದರೆ, ಊರ ಕಳ್ಳತನವೆಲ್ಲ ನನ್ನ ಹೊಸಿಲಿಗೆ?"
ಹೌದೆಂದೆ. ಕ್ಷಮಿಸಿ ಎಂದೆ.
ಹುಡುಗ ತಲೆಯೆತ್ತಲಿಲ್ಲ, ಶೂ ಲೇಸು ಬಿಗಿಯುತ್ತಲೇ ಇದ್ದ.
"ಸರಿ, ಇನ್ನು ಆ ಚುಕ್ಕೆಗಳನ್ನು ಎಲ್ಲಿಡುತ್ತೀ?
ಯಾರದೋ ಪರ್ಸು ಹೋಗಿದ್ದಂತೂ ಹೌದಲ್ಲ."

ಅವಳ ದೀಪದ ಬೆಳಕು ಮೂರು ತಿರುವಿಗೆ ಮುಗಿಯಿತು.
ಆಮೇಲೆ ಕತ್ತಲೆ, ಗೋಡೆ ಸವರಿಕೊಂಡು ಇಳಿದೆ.
ನೀಲಿಯೋ ಹಸಿರೋ, ಕಾಣಲಿಲ್ಲ.
ಕಾಲಿಗೆ ಏನೋ ಬೆಚ್ಚಗೆ ತಗುಲಿ ಗುರ್ರೆಂದಿತು.
ಫೋನ್ ತೆಗೆದು, ಅಲ್ಲೇ ಕೂತು,
ಅಕ್ಷಾಂಶ ರೇಖಾಂಶದ ಮುಂದೆ
ಹೆಸರಿನ ಖಾನೆಯಲ್ಲಿ ಬರೆದೆ:
ನಾಯಿ.