ಹನ್ನೆರಡಕ್ಕೆ ಹದ

ಒಲೆ ಹಚ್ಚಿ ಎರಡು ದಿನವಾಗಿತ್ತು.
ಆದರೂ ಅದರ ಗಾಜಿನ ಹಣೆಯ ಮೇಲೆ
ಕೆಂಪಗೆ ಐವತ್ತೊಂದು.
ಅಡುಗೆಮನೆಯ ಗೋಡೆ ಇಪ್ಪತ್ತು ಎನ್ನುತ್ತಿತ್ತು,
ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ತಣ್ಣಗೆ ಕೂತು
ತನಗೆ ಜ್ವರ ಎನ್ನುವ ಒಲೆ.

ಹಿಲ್ಕಾ ತೊಸ್ಸವಾಯ್ನೆನ್ ನಾಯಿಯನ್ನು ಮೊಣಕಾಲಲ್ಲಿ ತಡೆದು
ಬಾಗಿಲಲ್ಲೇ ನಿಂತಿದ್ದಳು.
"ಒಲೆ ಸರಿಯಿದೆ. ಕೆಟ್ಟಿರೋದು ನನ್ನ ಕೈ.
ಸುಮ್ಮನೆ ಕರೆಸಿದೆ ನಿನ್ನ, ಇಷ್ಟು ಹಿಮದಲ್ಲಿ."

ಮೂವತ್ತು ವರ್ಷ
ಕುವೊಪಿಯೊದ ಸಂತೆಕಟ್ಟೆಯಲ್ಲಿ ಕಲಕುಕ್ಕೊ ಮಾರಿದ ಕೈ.
ರೈ ಹಿಟ್ಟಿನ ಹೊದಿಕೆಯೊಳಗೆ ಒತ್ತಾಗಿ ಮಲಗಿದ ಕಿರುಮೀನು,
ಮೇಲೊಂದು ಪದರ ಹಂದಿಕೊಬ್ಬು,
ಐದು ತಾಸು ಮಂದ ಶಾಖ:
ಮುಳ್ಳೂ ಬೆಣ್ಣೆಯಾಗಬೇಕು.
ಡಿಸೆಂಬರಿನಿಂದೀಚೆ ಮುಳ್ಳು ಮುಳ್ಳಾಗಿಯೇ ಉಳಿಯಿತು.
ಪೋಸ್ಟಾಫೀಸಿನ ಹೆಂಗಸು ಅರ್ಧ ತಿಂದದ್ದನ್ನು
ಪೇಪರಿನಲ್ಲಿ ಸುತ್ತಿ ತಂದು ಕಟ್ಟೆಯ ಮೇಲಿಟ್ಟು ಹೋದಳು,
ಏನೂ ಹೇಳದೆ.
ಹೇಳಿದ್ದರೆ ವಾಸಿಯಿತ್ತು.

"ಕೈ ಒಳಗಿಟ್ಟು ಎಣಿಸ್ತಿದ್ದೆ. ಹನ್ನೆರಡಕ್ಕೆ ಎಳೆದುಕೊಂಡರೆ ಹದ.
ಈಗ ಹದಿನೇಳಾದರೂ ತಡೆಯುತ್ತೆ.
ಅಂಕಿ ಮಾತ್ರ ನೂರೈವತ್ತು ಅನ್ನುತ್ತೆ.
ಅಂಕಿಗೆ ವಯಸ್ಸಾಗಲ್ಲವಲ್ಲ."

ಭಾವ ತಾವೆತ್ತಿ ಆಗಲೇ ಸೆನ್ಸರ್ ಬದಲಿಸಿದ್ದ,
ಮೂವತ್ತೆಂಟು ಯೂರೊ. ಜ್ವರ ಇಳಿದಿರಲಿಲ್ಲ.
ಹಳೆಯದು ಗುಂಡಿಗಳ ಡಬ್ಬಿಯಲ್ಲಿ ಬಿದ್ದಿತ್ತು:
ಪೆನ್ಸಿಲಿನಷ್ಟು ಉಕ್ಕಿನ ಕಡ್ಡಿ, ಎರಡು ಬಾಲ.

ಬಾಲ್ಕನಿಯಿಂದ ಒಂದು ಲೋಟ ಹಿಮ ತಂದೆ,
ನೀರು ಬೆರೆಸಿ ಕಲಕಿದೆ.
ಕರಗುವ ಹಿಮ ಸುಳ್ಳು ಹೇಳಲಾರದು,
ಅದಕ್ಕೆ ಗೊತ್ತಿರುವುದು ಸೊನ್ನೆ ಒಂದೇ.
ಕಡ್ಡಿ ಅದ್ದಿ, ಬಾಲಗಳಿಗೆ ಮೀಟರಿನ ಮೊನೆ ಹಚ್ಚಿ
ಇಬ್ಬರೂ ಬಗ್ಗಿದೆವು. ನಾಯಿಯೂ.
ಸಾವಿರದ ಇಪ್ಪತ್ತು.
ಸಾವಿರದ ಏಳು.
ಸಾವಿರದ ಒಂದು.
ಸಾವಿರ ಓಮ್, ಅಲ್ಲೇ ನಿಂತಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಎಮ್ಮೆಯನ್ನು ಒರೆಸಿ ಮೇಜಿನ ಮೇಲಿಟ್ಟೆ.
ಎತ್ತು ಎಲ್ಲಿ?

ಮೇನ್ ಇಳಿಸಿ ಒಲೆಯನ್ನು ಗೂಡಿನಿಂದೆಳೆದೆವು.
ಹಿಂದೆ ಒಂದು ಚಮಚ, ತೀರಿಹೋದ ಲಾಟರಿ ಚೀಟಿ,
ಬೆಕ್ಕಿಲ್ಲದ ಮನೆಯಲ್ಲಿ ಬೆಕ್ಕಿನ ಆಟಿಕೆ.
(ಕೇಳಲಿಲ್ಲ.)
ಹೊಸ ಕಡ್ಡಿಯ ಬುಡದಲ್ಲಿ ಅಳೆದರೆ ಸಾವಿರದ ಎಪ್ಪತ್ತೆಂಟು,
ಇಪ್ಪತ್ತು ಡಿಗ್ರಿಗೆ ಇರಬೇಕಾದಷ್ಟೇ.
ಬೋರ್ಡಿನ ತುದಿಯಲ್ಲಿ ಅಳೆದರೆ
ಸಾವಿರದ ನೂರ ತೊಂಬತ್ತೆಂಟು.
ನಡುವಿನ ಎರಡು ಮೊಳ ವೈರಿನಲ್ಲಿ
ಯಾರೋ ನೂರಿಪ್ಪತ್ತು ಬಚ್ಚಿಟ್ಟಿದ್ದರು.

ಬೆರಳಿನಿಂದ ತಡವುತ್ತ ಹೋದೆ, ಮಣಿಸರ ಎಣಿಸುವಂತೆ.
ಬೆರಳು ನಿಂತಲ್ಲಿ ಒಂದು ಕಂದು ಪ್ಲಾಸ್ಟಿಕ್ಕಿನ ಜೋಡಣೆ,
ಬಿಚ್ಚಿದರೆ
ಒಂದು ಪಿನ್ನಿನ ಮೇಲೆ ಹಸಿರು ಕಿಲುಬು.
ಕೊಬ್ಬಿನ ಆವಿ, ವರ್ಷಗಟ್ಟಲೆ, ಸದ್ದಿಲ್ಲದೆ.

ನಾಲ್ಕು ಓಮಿಗೆ ಒಂದು ಡಿಗ್ರಿ, ಸುಮಾರಾಗಿ.
ನೂರಿಪ್ಪತ್ತಕ್ಕೇ ನೂರೈವತ್ತಾಯಿತೆಂದು
ಒಲೆ ಕಾಯುವುದನ್ನೇ ಬಿಟ್ಟು ಕೂರುತ್ತಿತ್ತು.
ವಿವರಿಸಿದೆ. ಹಿಲ್ಕಾ ಕೇಳಿಸಿಕೊಂಡಳು,
ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು,
ಯಾರದೋ ಕೈ ಎಂಬಂತೆ.
"ಹದಿನೇಳು," ಎಂದಳು. "ಸರಿಯಾಗೇ ಎಣಿಸಿತ್ತು."
ಸ್ವಲ್ಪ ಹೊತ್ತಿನ ಮೇಲೆ:
"ಪೋಸ್ಟಾಫೀಸಿನವಳಿಗೆ ಹೇಳು ಇದನ್ನ."

ಕಿಲುಬಿನ ಭಾಗ ಕತ್ತರಿಸಿ, ಪಿಂಗಾಣಿಯ ಜೋಡಣೆ ಬಿಗಿದು
ಮೇನ್ ಏರಿಸಿದೆ. ಇಪ್ಪತ್ತು.
ಅಂಕಿ ನೂರೈವತ್ತರ ಹತ್ತಿರ ಬಂದಾಗ
ಅವಳು ಅದರತ್ತ ನೋಡಲಿಲ್ಲ.
ಬಾಗಿಲು ತೆರೆದು, ತೋಳು ಮಡಚಿ,
ಕಣ್ಣು ಮುಚ್ಚಿ ಕೈ ಚಾಚಿದಳು.
ತುಟಿ ಮಾತ್ರ ಆಡುತ್ತಿತ್ತು.
ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ.
ಹದಿಮೂರಕ್ಕೆ ಎಳೆದುಕೊಂಡಳು.
"ಇನ್ನೂ ಚೂರು ಬೇಕು."

ನನ್ನ ಥರ್ಮಾಮೀಟರು ಒಳಗಿಟ್ಟು ನೋಡಿದೆ.
ನೂರ ನಲವತ್ತೇಳು.